ಕೆಂಪು ತೇಪೆಯ ಹಾಯಿ

ಹಾಯಿ ಹೊಲಿಯುವ ಆ ಮಹಡಿಗೆ ನಡುಗಂಬಗಳಿರಲಿಲ್ಲ. ದೊಡ್ಡ ಹಡಗಿನ ಹಾಯಿಯನ್ನು ಹಾಸಿದಾಗ ಅದರ ನಾಲ್ಕೂ ಮೂಲೆಗಳು ಮಡಿಚಿಕೊಳ್ಳದೆ ನೆಲ ಮುಟ್ಟಬೇಕು. ನಡುವೆ ಕಂಬವೊಂದು ಎದ್ದು ನಿಂತರೆ ಅಳತೆ ಕೆಡುತ್ತದೆ. ಆದ್ದರಿಂದ ಅದನ್ನು ಕಟ್ಟಿದವರು ಮಾಡಿನ ಭಾರವನ್ನೆಲ್ಲ ಗೋಡೆಗಳಿಗೇ ಹೊರಿಸಿ, ಹಲಗೆಯ ನೆಲವನ್ನು ಅಲೆಯಿಲ್ಲದ ನೀರಿನಂತೆ ಸಮವಾಗಿ ಬಿಟ್ಟಿದ್ದರು. ತಲೆಮಾರುಗಳ ಬರಿಗಾಲುಗಳು ಸವರಿ ಸವರಿ ಆ ಹಲಗೆಗಳಿಗೆ ಕನ್ನಡಿಯ ನುಣುಪು ಬಂದಿತ್ತು. ಜೇನುಮೇಣದ, ಡಾಂಬರಿನ, ಹೊಸಬಟ್ಟೆಯ ಗಂಜಿಯ ವಾಸನೆಗಳು ಬೆರೆತು ಅಲ್ಲಿನ ಗಾಳಿಯೇ ಒಂದು ಹದಕ್ಕೆ ಬಂದಂತಿತ್ತು. ಕಡಲ ಕಡೆಗೆ ತೆರೆದ ಉದ್ದನೆಯ ಕಿಟಕಿಯಿಂದ ನೋಡಿದರೆ ಬಂದರಿನ ಕಲ್ಲುಕಟ್ಟೆ, ಅದರಾಚೆ ಎರಡು ಮರಳದಿಬ್ಬಗಳ ನಡುವೆ ಬಳುಕಿ ಹೋಗುವ ಆಳದ ದಾರಿ, ಆ ದಾರಿಯ ಕೊನೆಯಲ್ಲಿ ಅಳಿವೆ, ಅಲ್ಲಿಂದ ಮುಂದೆ ಕಣ್ಣಿಗೆ ಎಟುಕದಷ್ಟು ಕಡಲು.

ಈ ಮಹಡಿಯ ಒಡತಿ ತಂದೆಯಿಂದ ಕಸುಬನ್ನೂ ದಬ್ಬಳಗಳ ಡಬ್ಬಿಯನ್ನೂ ಪಡೆದವಳು. ತಗ್ಗುಮಣೆಯ ಮೇಲೆ ಕುಳಿತು, ಅಂಗೈಗೆ ತೊಗಲಿನ ಪಟ್ಟಿ ಬಿಗಿದು, ಒಂದು ಅಂಚಿಗೆ ಇನ್ನೊಂದು ಅಂಚನ್ನು ಕೂಡಿಸುತ್ತ ಹೋಗುವಾಗ ಅವಳ ಕೈ ತಡವರಿಸಿದ್ದನ್ನು ಕಂಡವರಿಲ್ಲ. ಎದುರಿಗೆ ಅವಳ ಅತ್ತೆ ಕುಳಿತು ದಾರಕ್ಕೆ ಮೇಣ ತೀಡುತ್ತಿದ್ದಳು. ಮುದುಕಿಗೆ ಕಿವಿ ಮಂದ. ಆದರೂ ಮಗನ ಹೊಗಳಿಕೆ ಮಾತ್ರ ಬೀದಿಯ ಆಚೆಯ ತುದಿಯಿಂದಲೂ ಕೇಳಿಸುತ್ತಿತ್ತು. ಸೊಸೆ ಅದನ್ನು ಬಲ್ಲವಳಾದ್ದರಿಂದ, ಅತ್ತೆಗೆ ಏನನ್ನಾದರೂ ತಿಳಿಸಬೇಕಾದಾಗ ಮೊದಲು ಗಂಡನನ್ನು ಒಂದು ಮಾತು ಹೊಗಳಿ, ಆಮೇಲೆ ವಿಷಯಕ್ಕೆ ಬರುತ್ತಿದ್ದಳು.

ಆ ಗಂಡನನ್ನು ಊರು ಬಿರುಗಾಳಿ ಎಂದು ಕರೆಯುತ್ತಿತ್ತು. ಬಂದರಿನ ಹಡಗುಗಳಲ್ಲೆಲ್ಲ ದೊಡ್ಡದಕ್ಕೆ ಅವನು ಕಪ್ತಾನ. ಅವನು ಹಿಂದಿರುಗಿ ಬರುವ ರೀತಿಯೇ ಒಂದು ನೋಟ. ಉಳಿದ ನಾವಿಕರು ಅಳಿವೆಯ ಹೊರಗೇ ಹಾಯಿಗಳನ್ನು ತಗ್ಗಿಸಿ, ದಾರಿಯ ಗುರುತಿಗೆ ನೆಟ್ಟ ಕಂಬಗಳನ್ನು ಎಡಕ್ಕೂ ಬಲಕ್ಕೂ ನೋಡಿಕೊಂಡು ಮೆಲ್ಲನೆ ಒಳಬರುತ್ತಿದ್ದರು. ಬಿರುಗಾಳಿಯಾದರೋ ಇದ್ದಬದ್ದ ಹಾಯಿಗಳನ್ನೆಲ್ಲ ಬಿಚ್ಚಿ, ತಿರುವಿನ ಕಂಬ ಹಡಗಿನ ಮೈಗೆ ಉಜ್ಜೀತೆನ್ನುವಷ್ಟು ಹತ್ತಿರ ಚುಕ್ಕಾಣಿ ತಿರುಗಿಸಿ, ಕಟ್ಟೆಯ ಮೇಲೆ ನಿಂತವರ ಎದೆ ಬಾಯಿಗೆ ಬಂದ ಮೇಲೆ ಹಾಯಿ ಇಳಿಸುತ್ತಿದ್ದನು. ಶತ್ರುವಿನ ಕಣ್ಣೆದುರು ಅವನು ಹಾಯಿ ಇಳಿಸಿದ್ದು ಎಂದೂ ಇಲ್ಲ. ಕಡಲಿನವರ ಲೋಕದಲ್ಲಿ ಹಾಗೆ ಇಳಿಸುವುದೆಂದರೆ ಸೋತೆನೆಂದು ಕೈಮುಗಿದಂತೆ. "ನನ್ನ ಹಾಯಿ ಬೀಳೋದು ನನ್ನ ಜೊತೆಗೇ" ಎಂದು ಅವನು ಎಲ್ಲರೆದುರು ಆಡಿದ್ದ ಮಾತು ಊರಿನ ಆಸ್ತಿಯಾಗಿಬಿಟ್ಟಿತ್ತು.

ಅವಳ ತಮ್ಮನನ್ನು ಊರು ಅಳತೆಗಾರ ಎಂದು ಕರೆಯುತ್ತಿತ್ತು. ಆ ಹೆಸರಿನಲ್ಲಿ ಗೌರವಕ್ಕಿಂತ ನಗೆಯೇ ಹೆಚ್ಚು. ಅಳಿವೆಯ ದಾರಿ ತೋರಿಸುವುದು ಅವನ ಉದ್ಯೋಗ. ದಿನ ಬೆಳಗಾದರೆ ಪುಟ್ಟ ದೋಣಿ ಹತ್ತಿ, ಗಂಟುಗಳ ಗುರುತಿದ್ದ ಹಗ್ಗದ ತುದಿಯ ಸೀಸದ ಗುಂಡನ್ನು ನೀರಿಗೆ ಇಳಿಬಿಟ್ಟು ಆಳ ನೋಡುತ್ತಿದ್ದನು. ಗುಂಡಿನ ತಳದ ಕುಳಿಗೆ ಕೊಬ್ಬು ಮೆತ್ತಿರುತ್ತಿತ್ತು. ಅದಕ್ಕೆ ಅಂಟಿ ಬಂದ ಮರಳನ್ನೋ ಕೆಸರನ್ನೋ ಬೆರಳಿನಿಂದ ತಿಕ್ಕಿ, ಮೂಸಿ, ಕೆಲವೊಮ್ಮೆ ನಾಲಿಗೆಗೂ ತಾಗಿಸಿ, ಯಾವ ದಿಬ್ಬ ಎತ್ತ ಸರಿಯುತ್ತಿದೆ ಎಂದು ತೀರ್ಮಾನಿಸುತ್ತಿದ್ದನು. ಭಾವನಿಗೆ ಇದನ್ನು ನೋಡಿದರೆ ನಗೆ. ಊಟಕ್ಕೆ ಕುಳಿತಾಗ, "ಉಪ್ಪು ಸರಿಯಿದೆಯಾ ನೋಡಯ್ಯಾ ಅಳತೆ, ಮಣ್ಣು ನೆಕ್ಕಿದ ನಾಲಿಗೆಗೆ ಗೊತ್ತಾಗ್ಬೇಕು" ಎಂದು ಕೆಣಕುತ್ತಿದ್ದನು. ಮೈದುನ ನಕ್ಕು, ನಿಜಕ್ಕೂ ರುಚಿ ನೋಡಿ, ಸರಿಯಿದೆ ಭಾವ ಎನ್ನುತ್ತಿದ್ದನು.

ವೀರರಲ್ಲಿ ಉದ್ಧತರೆಂದೂ ಶಾಂತರೆಂದೂ ಹಿಂದಿನವರು ಭೇದ ಕಲ್ಪಿಸಿದ್ದಾರೆ. ಒಬ್ಬರ ತೇಜಸ್ಸು ಗಾಳಿ ಹೊಕ್ಕ ಬೆಂಕಿಯದು; ಇನ್ನೊಬ್ಬರದು ಗಾಳಿ ಸುಳಿಯದ ಎಡೆಯಲ್ಲಿ ನೆಟ್ಟಗೆ ನಿಂತ ದೀಪದ್ದು. ಲೋಕ ಮೊದಲನೆಯದನ್ನು ದೂರದಿಂದಲೇ ಕಂಡು ಕೈಮುಗಿಯುತ್ತದೆ. ಎರಡನೆಯದನ್ನು ಹತ್ತಿರ ಹೋದರೂ ವೀರವೆಂದು ಗುರುತಿಸುವುದಿಲ್ಲ. ಈ ಊರೂ ಹಾಗೆಯೇ ಇತ್ತು.

ಇಬ್ಬರ ಸ್ವಭಾವವೂ ಹಿಂದೊಂದು ದಿನ ಒಂದೇ ದೋಣಿಯಲ್ಲಿ ಬಯಲಾಗಿತ್ತು. ಆಗ ಅಕ್ಕನಿಗೆ ಇನ್ನೂ ಮದುವೆಯಾಗಿರಲಿಲ್ಲ. ಇಬ್ಬರೂ ಮೀಸೆ ಚಿಗುರುತ್ತಿದ್ದ ಗೆಳೆಯರು. ದೂರದ ನೀರು ಕಪ್ಪಾಗಿ ಸುಕ್ಕುಗಟ್ಟುತ್ತ ಬರುವುದನ್ನು ಕಂಡು ಅಳತೆಗಾರ ಹಾಯಿ ಇಳಿಸೆಂದು ಕೂಗಿದನು. ಗೆಳೆಯ ನಗುತ್ತ ಹಗ್ಗವನ್ನು ಇನ್ನಷ್ಟು ಬಿಗಿದನು. ಹಾಯಿ ನಡುಮಧ್ಯಕ್ಕೆ ಸೀಳಿತು. ಇಬ್ಬರೂ ಹುಟ್ಟು ಹಾಕಿ ಮನೆ ಸೇರುವಾಗ ಅಂಗೈ ಬೊಬ್ಬೆಯೆದ್ದಿತ್ತು. ಅಂದು ಮಹಡಿಯಲ್ಲಿ ಬಿಳಿಯ ಬಟ್ಟೆ ಮುಗಿದಿದ್ದರಿಂದ ಅಕ್ಕ ಮರದ ತೊಗಟೆಯ ಬಣ್ಣದಲ್ಲಿ ಅದ್ದಿದ ಕೆಂಪು ಬಟ್ಟೆಯನ್ನೇ ಕತ್ತರಿಸಿ ತೇಪೆ ಹಾಕಿದಳು. ಅವಸರದ ಕೆಲಸ, ತೇಪೆ ಒಂದು ಕಡೆ ಜೋಲಿ, ಸೊಟ್ಟ ಗಡಿಗೆಯಂತೆ ಕಾಣುತ್ತಿತ್ತು. ಹಾಯಿ ಒಯ್ಯಲು ಬಂದ ಆ ಗೆಳೆಯ ಅದನ್ನು ನೋಡಿ ನಕ್ಕಾಗ ಅವಳು ತಲೆಯೆತ್ತದೆಯೇ, "ಇಳಿಸು ಅಂದಾಗ ಇಳಿಸಿದ್ರೆ ಈ ಚಂದ ನೋಡೋ ಭಾಗ್ಯ ನಿಮಗೆಲ್ಲಿ ಬರ್ತಿತ್ತು?" ಎಂದಿದ್ದಳು. ಆ ಮಾತಿನ ಚುರುಕಿಗೇ ಅವನು ಮರುದಿನ ಮತ್ತೆ ಬಂದದ್ದು, ಅದರ ಮರುದಿನವೂ ಬಂದದ್ದು.

ಮದುವೆಯಾದ ಮೇಲೆ ಅದು ಮನೆಮಾತಾಯಿತು. ಅವನು ಯಾವುದರಲ್ಲಾದರೂ ಹದ ಮೀರಿದರೆ ಅವಳು "ಕೆಂಪು ತೇಪೆ" ಎಂದಷ್ಟೇ ಹೇಳುವಳು. ಅವನು ನಕ್ಕು ಹಿಂದೆ ಸರಿಯುವನು. ಆದರೆ ಹೊಸ್ತಿಲೊಳಗೆ ಆ ಮಾತಿಗೆ ತಲೆಬಾಗುತ್ತಿದ್ದವನು ಕಡಲಿನ ಮೇಲೆ ಯಾರ ಮಾತಿಗೂ ಬಾಗಿದವನಲ್ಲ. ಹಾಯಿ ಮಾತ್ರ ಹಳತಾಗಿ, ಸುರುಳಿ ಸುತ್ತಿಸಿಕೊಂಡು, ಮಹಡಿಯ ಅಟ್ಟದ ಮೇಲೆ ಉಳಿದಿತ್ತು. ಎಸೆಯಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ಯಾವ ಅರಸರಿಗೆ ಯಾರ ಮೇಲೆ ಯಾವ ಮುನಿಸೋ, ಆ ವರ್ಷ ಯುದ್ಧ ಬಂತು. ನೆಲದ ದಾರಿಗಳು ಮೊದಲೇ ಮುಚ್ಚಿದ್ದವು. ಊರಿನ ಕಣಜಗಳ ತಳ ಕಾಣತೊಡಗಿತು. ಕಡಲಾಚೆಯಿಂದ ಧಾನ್ಯ ತರುತ್ತೇನೆಂದು ಬಿರುಗಾಳಿ ಹೊರಟು ನಿಂತನು. ಗಾಳಿ ಇನ್ನೂ ಪಳಗಿಲ್ಲ, ಸ್ವಲ್ಪ ತಡೆದು ಹೊರಡಿ ಎಂದು ಅಳತೆಗಾರ ಬೇಡಿಕೊಂಡನು. "ನೀನು ಅಳೆದು ಮುಗಿಸೋ ಹೊತ್ತಿಗೆ ಊರಿಗೆ ಊರೇ ಹಸಿದು ಮಲಗಿರುತ್ತೆ" ಎಂದು ಭಾವ ಅವನ ಬೆನ್ನಿಗೊಂದು ಗುದ್ದು ಕೊಟ್ಟು ಹಡಗು ಹತ್ತಿದನು. ಹೆಂಡತಿಗೆ ಅವನು ಹೇಳಿದ್ದು ಇಷ್ಟೇ: ಕಿಟಕಿ ತೆರೆದಿಟ್ಟಿರು.

ಅವನು ಹೋದ ಬೆನ್ನಿಗೇ ಶತ್ರುವಿನ ನೌಕಾಪಡೆ ಬಂದು ಅಳಿವೆಯ ಹೊರಗೆ ಲಂಗರು ಹಾಕಿತು. ದಾರಿಯ ಗುರುತಿನ ಕಂಬಗಳು ನಮ್ಮವರಿಗೆ ಹೇಗೋ ಶತ್ರುವಿಗೂ ಹಾಗೆಯೇ ದಾರಿ ಹೇಳುತ್ತವೆ. ಬಂದರಿನ ಯಜಮಾನರು ಅಳತೆಗಾರನನ್ನು ಕರೆಸಿ, ಕಂಬಗಳನ್ನೆಲ್ಲ ಕೀಳಬೇಕೆಂದು ಹೇಳಿದರು. ಅವರ ದನಿಯೂ ಗಟ್ಟಿಯಿರಲಿಲ್ಲ. ಬೇರೆಯವರು ಕಿತ್ತರೆ ಒಂದೆರಡು ಉಳಿದಾವೆಂದು ಅವನು ತಾನೇ ಹೋಗಿ ಒಂದೊಂದನ್ನೂ ಅಲುಗಿಸಿ, ಬುಡದಿಂದ ಕಿತ್ತು, ದೋಣಿಯ ಹಿಂದೆ ಕಟ್ಟಿ ಎಳೆದು ತಂದು, ಬೇರೆಲ್ಲೂ ಜಾಗವಿಲ್ಲದೆ ಹಾಯಿಮಹಡಿಯ ಕೆಳಗಿನ ಅಂಗಳದಲ್ಲಿ ಪೇರಿಸಿದನು.

ಅಕ್ಕ ಮೆಟ್ಟಿಲಿಳಿದು ಬಂದು ಆ ರಾಶಿಯನ್ನು ನೋಡಿದಳು. ಡಾಂಬರು ಬಳಿದ ಕಂಬಗಳ ಬುಡದಿಂದ ಇನ್ನೂ ಕೆಸರು ನೀರು ಇಳಿಯುತ್ತಿತ್ತು.

"ನಿನ್ನ ಭಾವ ಮನೆಗೆ ಬರೋ ದಾರೀನ ಕಿತ್ಕೊಂಡು ಬಂದು ನನ್ನ ಅಂಗಳದಲ್ಲೇ ಹಾಕಿದ್ದೀಯಲ್ಲೋ" ಎಂದಳು.

ಕಂಬಗಳನ್ನು ಬಿಟ್ಟಿದ್ದರೆ ಊರೇ ಉಳಿಯುತ್ತಿರಲಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಸಂಕಟ ಕಡಿಮೆಯಾಗುವುದಿಲ್ಲ. ಅಂದಿನಿಂದ ಅವಳು ತಮ್ಮನೊಡನೆ ಮಾತು ಬಿಟ್ಟಳು. ಅವನು ಎಂದಿನಂತೆ ಊಟಕ್ಕೆ ಬರುತ್ತಿದ್ದನು. ಅವಳು ಇದ್ದುದರಲ್ಲಿ ಬಡಿಸಿ ಗೋಡೆಯ ಕಡೆಗೆ ತಿರುಗಿ ನಿಲ್ಲುತ್ತಿದ್ದಳು. ಅತ್ತೆ ಮಾತ್ರ ನಡುವೆ ಕುಳಿತು, ತನ್ನ ಮಗ ಚಿಕ್ಕಂದಿನಲ್ಲಿ ಎಷ್ಟು ತಿನ್ನುತ್ತಿದ್ದನೆಂಬುದನ್ನು ಇಬ್ಬರಿಗೂ ವಿವರಿಸುತ್ತಿದ್ದಳು. ಮಂಜು ಕವಿದ ಮುಂಜಾವುಗಳಲ್ಲಿ ಶತ್ರುವಿನ ಕಣ್ಣಿಗೆ ಬೀಳದಂತೆ ಅಳತೆಗಾರ ದೋಣಿ ಹತ್ತಿ ಆಳ ನೋಡುವುದನ್ನು ಬಿಡಲಿಲ್ಲ. ಕಂಬಗಳಿಲ್ಲದ ದಾರಿಯನ್ನು ಅವನು ತನ್ನೊಳಗೆ ನೆಟ್ಟುಕೊಳ್ಳುತ್ತಿದ್ದನು. ಕಿಟಕಿಯಿಂದ ಅವಳು ಅದನ್ನೂ ನೋಡುತ್ತಿದ್ದಳು, ನೋಡಿದೆನೆಂದು ತೋರಿಸಿಕೊಳ್ಳುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಉಬ್ಬರವೇರುತ್ತಿದ್ದ ಹೊತ್ತಿನಲ್ಲಿ, ಮುದುಕಿ ಮೇಣದ ಉಂಡೆಯನ್ನು ಕೆಳಗಿಟ್ಟು ಎದ್ದು ನಿಂತಳು. ಕಿವಿಗೆ ಬಂದ ಮಂಕು ಅವಳ ಕಣ್ಣಿಗೆ ಬಂದಿರಲಿಲ್ಲ.

"ನನ್ನ ಮಗ ಬಂದ" ಎಂದಳು.

ಕಡಲಂಚಿನಲ್ಲಿ ಬಿಳಿಯ ಗೋಪುರವೊಂದು ಏಳುತ್ತಿತ್ತು. ಹಾಯಿಯ ಮೇಲೆ ಹಾಯಿ ತುಂಬಿ, ಧಾನ್ಯದ ಭಾರಕ್ಕೆ ಮೈ ನೀರಿನಲ್ಲಿ ಆಳವಾಗಿ ಕುಳಿತು, ಆ ಹಡಗು ನೇರವಾಗಿ ಶತ್ರುಗಳ ನಡುವಿನ ಬಿರುಕಿಗೇ ಮುಖ ಮಾಡಿತ್ತು. ಅವರು ಲಂಗರು ಕಿತ್ತು ತಿರುಗುವಷ್ಟರಲ್ಲಿ ಅದು ಅವರನ್ನು ಸೀಳಿಕೊಂಡು ದಾಟಿತು. ಅವರ ಹಿರಿಯ ಹಡಗು ಹಾಯಿ ಬಿಚ್ಚಿ ಬೆನ್ನಟ್ಟಿತು. ಫಿರಂಗಿಗಳ ಸದ್ದು ಬಂದಾಗ ಕಿಟಕಿಯ ಬಾಗಿಲುಗಳು ಅದುರಿದವು. ಅವಳ ಕೈಯಲ್ಲಿ ಅರ್ಧ ಎಳೆದ ದಾರ ಹಾಗೆಯೇ ಉಳಿಯಿತು. ಕಂಬಗಳಿಲ್ಲದ ಅಳಿವೆ ಬರಿಯ ನೀರಾಗಿ, ಎಲ್ಲಿ ಆಳ ಎಲ್ಲಿ ದಿಬ್ಬ ಎಂಬ ಸುಳಿವೇ ಇಲ್ಲದೆ, ಬಿಸಿಲಿಗೆ ಹೊಳೆಯುತ್ತಿತ್ತು.

ಆಗ ಮೆಟ್ಟಿಲುಗಳ ಮೇಲೆ ಓಡುವ ಹೆಜ್ಜೆಗಳ ಸದ್ದು. ಮೆಟ್ಟಿಲನ್ನು ಎಂದೂ ಓಡಿ ಹತ್ತದ ತಮ್ಮ ಬಾಗಿಲಲ್ಲಿ ನಿಂತಿದ್ದನು.

"ಅಕ್ಕ, ಅಟ್ಟದ ಮೇಲಿರೋ ಆ ಹಳೇ ಹಾಯಿ ಕೊಡು."

ಅಷ್ಟು ದಿನದ ಮೌನ ಅವಳ ಬಾಯಿಂದ ಕೊಂಕಾಗಿಯೇ ಮುರಿಯಿತು. "ಯಾಕೆ, ಅದನ್ನೂ ಅಳೀಬೇಕಾ?"

"ತಿರುವಿನ ಹತ್ರ ದೋಣಿ ನಿಲ್ಲಿಸ್ತೀನಿ. ಅಲ್ಲಿ ಲಂಗರು ಮುಳುಗಿಸಿ ಹಗ್ಗ ಕಟ್ಟಿಟ್ಟಿದ್ದೀನಿ. ಆ ಹಗ್ಗ ಹಿಡಿದ್ರೆ ಹಡಗು ನಿಂತಲ್ಲೇ ತಿರುಗುತ್ತೆ, ಉಬ್ಬರ ಒಳಕ್ಕೆ ತರುತ್ತೆ. ಆದ್ರೆ ಹಾಯಿ ಏರಿಸಿಕೊಂಡೇ ಬಂದ್ರೆ ಹಗ್ಗ ಹಿಡಿಯೋಕಾಗಲ್ಲ, ಸೀದಾ ದಿಬ್ಬಕ್ಕೆ ಹತ್ತಿಬಿಡ್ತಾರೆ. ಮುಂಚೆನೇ ಇಳಿಸ್ಬೇಕು."

"ಅವರು ಇಳಿಸಲ್ಲ. ಶತ್ರು ಬೆನ್ನಿಗಿರುವಾಗ ಸತ್ರೂ ಇಳಿಸಲ್ಲ."

"ಗೊತ್ತು. ಅದಕ್ಕೇ ಆ ಹಾಯಿ ಕೇಳಿದ್ದು."

ಅವಳು ತಮ್ಮನ ಮುಖವನ್ನೇ ನೋಡಿದಳು. ಬೇರೆ ಯಾವ ಗುರುತನ್ನು ತೋರಿಸಿದರೂ ಶತ್ರುವಿನ ಹೂಟವೆಂದು ಬಿರುಗಾಳಿ ನಂಬದೆ ಹೋದಾನು. ಸೊಟ್ಟ ಗಡಿಗೆಯಂಥ ಆ ತೇಪೆ ಲೋಕದಲ್ಲಿ ಒಂದೇ ಒಂದು. ಅದು ಆಡುವ ಮಾತೂ ಒಂದೇ. ಅವಳು ಏಣಿ ಹಾಕಿ, ಅಟ್ಟದಿಂದ ಸುರುಳಿಯನ್ನು ಎಳೆದು, ಅವನ ತೋಳಿಗೆ ಹಾಕಿದಳು. ಆಮೇಲೆ ತೋಳನ್ನು ಬಿಡಲಿಲ್ಲ.

"ಅಲ್ಲಿ ನಿಂತ್ರೆ ಗುಂಡು ಬೀಳುತ್ತಲ್ಲೋ."

"ಬೀಳುತ್ತೆ."

"ಎಲ್ಲಿ ಬೀಳುತ್ತೆ ಅಂತ ನೋಡಿಟ್ಕೊಂಡಿದ್ದೀಯಾ?"

"ಅದನ್ನ ಅಳೆಯೋಕಾಗಲ್ಲ ಅಕ್ಕ."

"ಹೆದರಿಕೆ ಆಗಲ್ವಾ ನಿನಗೆ?"

"ಆಗದೆ ಏನು. ಹೆದರಿಕೆ ಇದ್ದಿದ್ದಕ್ಕೇ ಅಲ್ವಾ ನಾನು ಇಷ್ಟು ವರ್ಷ ಅಳೆದಿದ್ದು" ಎಂದು ಅವನು ಮೆಲ್ಲನೆ ಅವಳ ಬೆರಳುಗಳನ್ನು ಬಿಡಿಸಿಕೊಂಡು ಇಳಿದುಹೋದನು.

ಏನಂತೆ ಅವನದು ಎಂದು ಮುದುಕಿ ಕೇಳಿದಳು. ಸೊಸೆ ಕಿಟಕಿಯ ಕಡೆಗೆ ತಿರುಗಿಕೊಂಡೇ ದನಿಯೇರಿಸಿ, "ಊಟಕ್ಕೆ ಬರ್ತಾನಂತೆ, ಅತ್ತೆ" ಎಂದಳು.

"ಹೊತ್ತಿಗೆ ಸರಿಯಾಗಿ ಬಾ ಅನ್ನು" ಎಂದಳು ಮುದುಕಿ.

ಆಮೇಲೆ ಆ ಕಿಟಕಿಯಿಂದ ಕಂಡದ್ದನ್ನು ಹೇಳಲು ಮಾತು ಸಣ್ಣದಾಗುತ್ತದೆ. ದೋಣಿ ಎಷ್ಟು ಚಿಕ್ಕದೆಂಬುದು ಅವಳಿಗೆ ಅಂದೇ ತಿಳಿದದ್ದು. ಕಡಲಿನ ಆ ಅಪಾರವಾದ ಬೆಳಕಿನಲ್ಲಿ ಅದೊಂದು ತೇಲುವ ಎಲೆಯಂತಿತ್ತು. ಅದರಲ್ಲಿ ನಿಂತವನು ಎಲೆಯ ಮೇಲಿನ ಇರುವೆಯಂತೆ. ತಿರುವಿನ ಜಾಗಕ್ಕೆ ಬಂದು ಅವನು ದೋಣಿಯನ್ನು ಕಟ್ಟಿ, ಹಾಯಿ ಏರಿಸಿದನು. ಮಾಸಿದ ಬಿಳುಪಿನ ನಡುವೆ ಆ ಕೆಂಪು, ಮುಳುಗಲೊಲ್ಲದ ಸೂರ್ಯನಂತೆ, ದಡದ ಜನಕ್ಕೆಲ್ಲ ಕಾಣಿಸಿತು. ಬೆನ್ನಟ್ಟಿ ಬರುತ್ತಿದ್ದವರಿಗೂ ಕಾಣಿಸಿತು. ದೋಣಿಯ ಆಚೆ ಈಚೆ ನೀರು ಕಂಬಕಂಬವಾಗಿ ಎದ್ದು ಬೀಳತೊಡಗಿತು. ಕಿತ್ತು ತಂದ ಕಂಬಗಳನ್ನು ಕಡಲೇ ಮತ್ತೆ ನೆಡುತ್ತಿರುವಂತೆ ಅವಳಿಗೆ ಒಂದು ಕ್ಷಣ ಭಾಸವಾಯಿತು. ಆ ನೀರುಕಂಬಗಳು ಬಿದ್ದು ತಿಳಿಯಾದಾಗಲೆಲ್ಲ ಅವನು ಅಲ್ಲಿಯೇ ಇದ್ದನು. ಅಷ್ಟೇ ಅಲ್ಲ, ಬಾಗಿ ಏನನ್ನೋ ಎಳೆಯುತ್ತಿದ್ದನು. ಅವಳು ಕಣ್ಣು ಕಿರಿದುಮಾಡಿ ನೋಡಿದಳು. ಎರಡು ಗುಂಡುಗಳ ನಡುವಣ ಬಿಡುವಿನಲ್ಲಿ ಅವಳ ತಮ್ಮ ಸೀಸದ ಗುಂಡನ್ನು ಇಳಿಬಿಟ್ಟು ನೀರಿನ ಆಳ ನೋಡುತ್ತಿದ್ದನು.

ಇಷ್ಟು ವರ್ಷ ತನ್ನ ಪಕ್ಕದಲ್ಲಿ ಕುಳಿತು ಉಂಡವನು ಇವನೇ ಏನು ಎಂಬಂತೆ ಅವಳು ನೋಡಿದಳು.

ಹಡಗು ಅಳಿವೆಯನ್ನು ಹೊಕ್ಕಿತು. ಹಿಂದಿನ ಗಾಳಿಯನ್ನೆಲ್ಲ ನುಂಗಿ ಉಬ್ಬಿದ ಹಾಯಿಗಳು, ಕೊರಳಿನ ಕೆಳಗೆ ಸೀಳಿ ಬಿಳುಪೇರುವ ನೀರು, ತುತ್ತತುದಿಯಲ್ಲಿ ಪಟಪಟಿಸುವ ಧ್ವಜ. ಎಂದಿನ ಠೀವಿಯಲ್ಲಿಯೇ ಅದು ಬರುತ್ತಿತ್ತು. ಕಟ್ಟೆಯ ಮೇಲೆ ಜನ ಕಿಕ್ಕಿರಿದಿದ್ದರು. ದೋಣಿಯಲ್ಲಿನ ಕೆಂಪು ತೇಪೆಯ ಹಾಯಿ ಕೆಳಗಿಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ಹಡಗು ಉತ್ತರ ಕೊಡಲಿಲ್ಲ. ಒಂದು ಅಂಗುಲ ಬಟ್ಟೆಯೂ ತಗ್ಗಲಿಲ್ಲ. ಹಾಯಿ ಮತ್ತೊಮ್ಮೆ ಏರಿತು. ಆಗ ಒಂದು ಗುಂಡು ನೇರವಾಗಿ ದೋಣಿಯ ಮೇಲೆಯೇ ಹಾದು, ಹಾಯಿಯನ್ನು ತೂರಿ, ಅದರ ಕಂಬವನ್ನು ಬುಡಕ್ಕೆ ಮುರಿಯಿತು. ಕೆಂಪು ಮರೆಯಾಯಿತು. ಬಿಳಿಯ ನೊರೆ ಎಲ್ಲವನ್ನೂ ಮುಚ್ಚಿತು.

ಅವಳು ಕಿಟಕಿಯ ಚೌಕಟ್ಟನ್ನು ಹಿಡಿದುಕೊಂಡಳು.

ನೊರೆ ಇಳಿಯಿತು. ದೋಣಿ ಒಂದು ಕಡೆಗೆ ವಾಲಿ ನೀರು ಕುಡಿಯುತ್ತಿತ್ತು. ಮೊಣಕಾಲಿನವರೆಗೆ ನೀರಿನಲ್ಲಿ ನಿಂತ ಮನುಷ್ಯನೊಬ್ಬ ಉದ್ದನೆಯ ಹುಟ್ಟಿಗೆ ಹರಿದ ಹಾಯಿಯನ್ನು ಸಿಕ್ಕಿಸಿ, ಎರಡೂ ಕೈಗಳಿಂದ ತಲೆಯ ಮೇಲೆ ಎತ್ತಿ ಹಿಡಿದಿದ್ದನು. ಕೆಂಪು ತೇಪೆಯ ಪಕ್ಕದಲ್ಲಿ ಈಗ ಆಕಾಶ ಕಾಣುವ ಒಂದು ತೂತು. ಅವನು ಅದನ್ನು ಅವಸರವಿಲ್ಲದೆ, ಎಲ್ಲರೂ ನೋಡಲೆಂಬಂತೆ, ತೂಗಿ ಹಿಡಿದನು. ಆಮೇಲೆ ಮೆಲ್ಲಗೆ ಕೆಳಗಿಳಿಸಿದನು.

ಹಡಗಿನ ಎತ್ತರದ ಹಾಯಿ ಒಮ್ಮೆ ನಡುಗಿತು. ಅದು ಇಳಿಯಿತು. ಅದರ ಕೆಳಗಿನದು ಇಳಿಯಿತು. ಮುಂದಿನದು, ಹಿಂದಿನದು, ಒಂದಾದ ಮೇಲೊಂದು, ಬೆಟ್ಟದಿಂದ ಹಿಮ ಜಾರಿದಂತೆ ಕಳಚಿ ಬಿದ್ದು, ಆ ಮಹಾನೌಕೆ ಬರಿಯ ಕಂಬಗಳ ಅಸ್ಥಿಪಂಜರವಾಗಿ ನಿಂತಿತು.

ಕಟ್ಟೆಯಿಂದ ಒಂದು ನರಳಿಕೆ ಎದ್ದಿತು. ಸೋತ, ಬಿರುಗಾಳಿ ಸೋತ ಎಂದು ಜನ ತಲೆಯ ಮೇಲೆ ಕೈಹೊತ್ತರು. ಬಂದರಿನ ಯಜಮಾನರು ಕಲ್ಲಿನ ಮೇಲೆ ಕುಸಿದು ಕುಳಿತರೆಂದು ಆಮೇಲೆ ಕೆಲವರು ಹೇಳಿದರು. ಶತ್ರುವೂ ಹಾಗೆಯೇ ತಿಳಿದನು. ಫಿರಂಗಿಗಳು ಮೌನವಾದವು, ಅವರ ಹಡಗಿನಿಂದ ಜಯಘೋಷ ತೇಲಿಬಂತು, ಸೋತ ಹಡಗನ್ನು ಕೈವಶ ಮಾಡಿಕೊಳ್ಳಲು ಅದು ಹಾಯಿಗಳ ಸಮೇತ ನುಗ್ಗಿತು. ಬಿರುಗಾಳಿಯ ಧ್ವಜ ಇನ್ನೂ ತುದಿಯಲ್ಲಿಯೇ ಹಾರುತ್ತಿತ್ತು. ಆದರೆ ಗೆದ್ದೆನೆಂದುಕೊಂಡವನಿಗೆ ಕತ್ತೆತ್ತಿ ನೋಡುವ ತಾಳ್ಮೆ ಎಲ್ಲಿಂದ ಬರಬೇಕು?

ಇಡೀ ಊರಿನಲ್ಲಿ ಒಬ್ಬಳಿಗೆ ಮಾತ್ರ ಅದು ಸೋಲಲ್ಲವೆಂದು ಗೊತ್ತಿತ್ತು. ಅವಳ ಕಣ್ಣು ತುಂಬಿ, ಹಡಗೂ ದೋಣಿಯೂ ಒಂದರಲ್ಲೊಂದು ಕಲಸಿಹೋದವು. ಶತ್ರುವಿನ ಎದುರು, ತನ್ನವರೆಲ್ಲರ ಎದುರು, ತಾನು ಆಡಿದ ಮಾತಿನ ಎದುರು ಅವನು ಹಾಯಿ ಇಳಿಸಿದ್ದನು. ಗುಂಡಿಗೆ ಎದೆಯೊಡ್ಡುವುದು ಅವನಿಗೆ ಆಟ. ಇದು ಆಟವಾಗಿರಲಿಲ್ಲ.

ಉಬ್ಬರ ಹಡಗನ್ನು ತೋಳಿನಲ್ಲೆತ್ತಿಕೊಂಡಂತೆ ಮೆಲ್ಲಗೆ ತಂದಿತು. ಮುಳುಗುತ್ತಿದ್ದ ದೋಣಿಯಿಂದ ಹಗ್ಗದ ತುದಿ ಹಾರಿತು. ಹಡಗಿನವರು ಹಿಡಿದು ಬಿಗಿದರು. ನೀರಿನಡಿಯ ಲಂಗರು ಹಗ್ಗವನ್ನು ಸೆಟೆಯಿಸಿತು. ಆ ಭಾರೀ ಒಡಲು ಹಗ್ಗದ ಸುತ್ತ ಬಾಗಿಲಿನಂತೆ ತಿರುಗಿ, ಆಳದ ದಾರಿಗೆ ಮುಖ ಮಾಡಿತು. ಬೆನ್ನಟ್ಟಿ ಬಂದ ಹಡಗಿಗೆ ತಿರುಗಲು ಹಗ್ಗವೂ ಇರಲಿಲ್ಲ, ದಾರಿಯ ತಿಳಿವೂ ಇರಲಿಲ್ಲ. ಅದು ಗಾಳಿಯ ಪೂರ್ತಿ ಬಲದಲ್ಲಿ ನೇರವಾಗಿ ದಿಬ್ಬವನ್ನೇರಿತು. ಮರ ಮುರಿಯುವ ಸದ್ದು ಮಹಡಿಯವರೆಗೂ ಬಂತು. ಗಾಳಿ ಅದನ್ನು ಇನ್ನಷ್ಟು ಒಳಕ್ಕೆ ದೂಡಿತು. ಉಳಿದ ಶತ್ರು ಹಡಗುಗಳು ಅದನ್ನು ಕಂಡು ಹೊರಕ್ಕೆ ಮುಖ ತಿರುಗಿಸಿದವು.

ಬಿರುಗಾಳಿಯ ಹಡಗಿನ ಮಗ್ಗುಲಿನಿಂದ ಜನ ಜೋತುಬಿದ್ದು, ಬಿಗಿದ ಹಗ್ಗವನ್ನು ತಬ್ಬಿಕೊಂಡು ನೀರಿನಲ್ಲಿದ್ದವನನ್ನು ಮೇಲೆಳೆದುಕೊಂಡರು. ಅವನ ಹೆಗಲಿಗೆ ಏನೋ ಸುತ್ತಿಕೊಂಡಿತ್ತು. ಅದು ಕೆಂಪಗಿತ್ತು. ರಕ್ತವೋ ಎಂದು ಅವಳ ಜೀವ ಹಾರಿತು. ಆಮೇಲೆ ಅದರ ಸೊಟ್ಟ ಆಕಾರ ಕಂಡಿತು.

ಧಾನ್ಯದ ಮೂಟೆಗಳು ಇಳಿದು, ದಿಬ್ಬದ ಮೇಲೆ ಸಿಕ್ಕಿದ ಶತ್ರುನಾವಿಕರನ್ನೂ ಊರಿನ ದೋಣಿಗಳೇ ಹೋಗಿ ಕರೆತಂದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಮೆಟ್ಟಿಲೇರಿ ಬಂದರು. ಬಿರುಗಾಳಿ ಮುಂದೆ, ತೋಳಿನ ಮೇಲೆ ಒದ್ದೆ ಹಾಯಿ. ಅಳತೆಗಾರ ಹಿಂದೆ, ಭಾವನ ಕಂಬಳಿ ಹೊದ್ದು, ಹಲ್ಲು ಕಟಕಟಿಸುತ್ತ. ಬೀದಿಯಲ್ಲಿ ಜನ ಇನ್ನೂ ಗುಂಪುಗೂಡಿ ಅದನ್ನೇ ಆಡುತ್ತಿದ್ದರು. ಕೆಲವರ ಮಾತಿನಲ್ಲಿ ಈಗಲೂ 'ಆದರೂ ಇಳಿಸಿದನಲ್ಲ' ಎಂಬ ಎಳೆಯೊಂದು ಇತ್ತೆಂಬುದನ್ನು ಅವನು ಕೇಳಿಸಿಕೊಂಡೇ ಬಂದಿದ್ದನು.

ಮುದುಕಿ ಮಗನ ಮುಖವನ್ನು ಎರಡೂ ಕೈಗಳಿಂದ ತಡವಿ, ಸೊರಗಿದ್ದೀಯೆಂದು ಗೊಣಗಿ, ಆಮೇಲೆ ಅಳತೆಗಾರನ ಕಡೆ ತಿರುಗಿದಳು. "ಹೊತ್ತಿಗೆ ಸರಿಯಾಗಿ ಬಾ ಅಂತ ಹೇಳಿ ಕಳಿಸಿದ್ದೆನಲ್ಲಪ್ಪ."

"ತಡವಾಯ್ತು ಅಮ್ಮ, ತಪ್ಪಾಯ್ತು" ಎಂದನು ಅವನು.

ಅಕ್ಕ ತಮ್ಮನಿಗೆ ಒಣಬಟ್ಟೆ ಕೊಟ್ಟಳು. ತನ್ನ ಕೈಯಿಂದಲೇ ಅವನ ತಲೆ ಒರೆಸಿದಳು, ಚಿಕ್ಕವನಿದ್ದಾಗ ಒರೆಸುತ್ತಿದ್ದಷ್ಟೇ ಒರಟಾಗಿ. ಆಮೇಲೆ ಗಂಡನನ್ನು ಕೇಳಿದಳು, ಆ ಕಡೆ ನೋಡದೆ.

"ಮೊದಲ ಸಲ ತೋರಿಸಿದಾಗ ಇಳಿಸಲಿಲ್ಲ. ಎರಡನೇ ಸಲಾನೂ ಇಳಿಸಲಿಲ್ಲ. ಆಮೇಲೆ ಏನಾಯ್ತು ನಿಮಗೆ?"

ಬಿರುಗಾಳಿ ಮೈದುನನ ಕಡೆ ಕೈ ತೋರಿದನು.

"ಇವನು ಕೂಗಿದ್ದು ಕೇಳಿಸ್ತು."

"ನಾನು ಕೂಗೇ ಇಲ್ಲ ಭಾವ" ಎಂದನು ಅಳತೆಗಾರ. "ಅಷ್ಟು ದೂರಕ್ಕೆ ಕೂಗಿದ್ರೂ ಕೇಳಿಸ್ತಿರಲಿಲ್ಲ."

"ಇವತ್ತಲ್ವೋ. ಆವತ್ತು ದೋಣಿಯಲ್ಲಿ ಕೂಗಿದ್ದು."

ಬಿರುಗಾಳಿ ಬಗ್ಗಿ, ಆ ನುಣುಪಾದ ಹಲಗೆಗಳ ಮೇಲೆ ಒದ್ದೆ ಹಾಯಿಯನ್ನು ಹಾಸಿ, ಅದರ ಸುಕ್ಕುಗಳನ್ನು ಅಂಗೈಯಿಂದ ಸವರಿ ಸವರಿ ಬಿಡಿಸಿದನು. ಅಷ್ಟು ನಿಧಾನವಾಗಿ ಅವನು ಏನನ್ನಾದರೂ ಮಾಡಿದ್ದನ್ನು ಅವಳು ಹಿಂದೆ ಕಂಡಿರಲಿಲ್ಲ. ಕೆಂಪು ತೇಪೆ ಹಳೆಯ ಹೊಲಿಗೆಯಲ್ಲಿ ಗಟ್ಟಿಯಾಗಿ ನಿಂತಿತ್ತು. ಅದರ ಪಕ್ಕದಲ್ಲಿ, ಅಂಚು ಸುಟ್ಟು ಕರಕಲಾದ ತೂತು.

"ಈ ಸಲ ಹರಿದಿದ್ದು ನಾನಲ್ಲ" ಎಂದನು.

ಅವಳಿಗೆ ನಗು ಬಂತು, ಅಳುವೂ ಬಂತು. ಅಳತೆಗಾರ ಆಗಲೇ ಕಂಬಳಿಯ ಒಳಗಿನಿಂದ ಕೈ ಚಾಚಿ, ಬೆರಳುಗಳಿಂದ ತೂತಿನ ಅಗಲ ನೋಡುತ್ತಿದ್ದನು. ಭಾವ ಅದನ್ನು ಕಂಡು ಎಂದಿನಂತೆ ನಗಲಿಲ್ಲ. ದೀಪವನ್ನು ಎತ್ತಿ ಅವನ ಕೈಯ ಹತ್ತಿರಕ್ಕೆ ಹಿಡಿದನು. ಅವಳು ಎದ್ದು ಬಟ್ಟೆಯ ಕಪಾಟಿಗೆ ಹೋದಳು. ಅಂದು ಬಿಳಿಯ ಬಟ್ಟೆ ಬೇಕಾದಷ್ಟಿತ್ತು. ಅವಳು ಅದರ ಮೇಲೆ ಒಮ್ಮೆ ಕೈಯಾಡಿಸಿ, ಅದನ್ನು ಅಲ್ಲಿಯೇ ಬಿಟ್ಟು, ತಳದಲ್ಲಿದ್ದ ಕೆಂಪನ್ನು ಎಳೆದಳು.